ಬ್ಯಾಡಗಿಗೆ ಬಂದ ಬಾವುಟವಿಲ್ಲದ ಅತಿಥಿ

ನಮ್ಮ ಮನೆಗೆ ಅತಿಥಿಗಳು ಬಂದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ತಪ್ಪು ಅತಿಥಿಗಳದ್ದಲ್ಲ, ನಮ್ಮ ಉಪಚಾರದ್ದು. ಸಕ್ಕರೆ ಕಾಯಿಲೆಯ ಮಾವನಿಗೆ 'ಒಂದ ಒಂದು' ಎನ್ನುತ್ತ ಹೋಳಿಗೆ ಬಡಿಸಿ, ಹುಬ್ಬಳ್ಳಿಯ ಆಸ್ಪತ್ರೆ ತೋರಿಸಿದ ಮನೆತನ ನಮ್ಮದು. ಆದರೆ ಉಪಚಾರದಿಂದ ಒಬ್ಬರ ಆಟವೇ ನಿಂತುಹೋಗಬಹುದು ಎಂಬ ಹೆದರಿಕೆ ಹುಟ್ಟಿದ್ದು ಇದೊಂದು ಸಲ.

ನಾನು ಬಿ.ಎಸ್ಸಿ. ಮುಗಿಸಿ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಇದ್ದೇನೆ. ಬೀಜ ಮೊಳೆಯುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ಅಪ್ಪನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ. ತಂಗಿ ಕುಸ್ತಿ ಆಡುತ್ತಾಳೆ. ಎಲ್ಲ ಶುರುವಾದದ್ದು ಅವಳಿಂದ.

೧. ಬೀಗರ ಜಗಳ

ತಂಗಿ ಹೋದ ವರ್ಷ ಹೊರದೇಶದ ಒಂದು ಪಂದ್ಯಕ್ಕೆ ಹೋಗಿದ್ದಳು. ಅಲ್ಲಿ ರಷ್ಯಾದ ಹುಡುಗಿಯೊಬ್ಬಳ ಕೈಯಲ್ಲಿ ಸೋತು, ಅವಳ ಜೊತೆಗೇ ಊಟ ಮಾಡಿ, ಗೆಳತಿಯಾಗಿ ಬಂದಳು. ಈ ಚಳಿಗಾಲ ಆ ಹುಡುಗಿ ರಜೆಗೆಂದು ಗೋವಾಕ್ಕೆ ಬಂದವಳು, 'ನಾಲ್ಕು ದಿನ ನಿಮ್ಮೂರಿಗೂ ಬರುತ್ತೇನೆ, ಕೂಡಿ ತಾಲೀಮು ಮಾಡೋಣ' ಎಂದು ತಿಳಿಸಿದಳು.

ತಂಗಿ ಎಲ್ಲರನ್ನೂ ಕೂರಿಸಿ ಹೇಳಿದಳು. "ಆಕಿ ಇಲ್ಲಿ ಇರೂತನಕ ಆಕೀ ದೇಶದ ಬಾವುಟ ಎಲ್ಲೂ ಕಾಣಬಾರದು. ಬಾವುಟದ ಬಣ್ಣ ಬ್ಯಾಡ. ದೇಶದ ಹೆಸರ ಬ್ಯಾಡ. ರಾಷ್ಟ್ರಗೀತಿ ಬ್ಯಾಡ."

"ಯಾಕವಾ? ಏನ್ ತಪ್ಪ ಮಾಡ್ಯಾಳ ಆಕಿ?" ಎಂದರು ಅಪ್ಪ.

"ಆಕಿ ಏನೂ ಮಾಡಿಲ್ಲಪಾ. ಯುದ್ಧದ ಸಲುವಾಗಿ ಆ ದೇಶದ ಮ್ಯಾಲ ನಿರ್ಬಂಧ ಹಾಕ್ಯಾರ. ದೇಶದ ಹೆಸರ್ಲೆ ಆಡಾಕ ಬಿಡಂಗಿಲ್ಲ. 'ನಾ ಯಾ ದೇಶದಾಕೀನೂ ಅಲ್ಲ' ಅಂತ ಬಂದ್ರ ಅಷ್ಟ ಆಡಬಹುದು."

ಉಳಿದದ್ದನ್ನು ನಾನು ಬಿಡಿಸಿ ಹೇಳಿದೆ. ಮುಂದಿನ ತಿಂಗಳು ಯುರೋಪಿನಲ್ಲಿ ಅವಳಿಗೊಂದು ಅರ್ಹತಾ ಪಂದ್ಯವಿದೆ. ಅದಕ್ಕೆ ಅವಳು ತಟಸ್ಥ ಆಟಗಾರ್ತಿ ಎಂದು ಸಮಿತಿಯೊಂದು ಒಪ್ಪಿಗೆ ಕೊಡಬೇಕು. ಒಪ್ಪಿಗೆ ಸಿಕ್ಕರೆ ವೀಸಾ. ವೀಸಾ ಸಿಕ್ಕರೆ ಪ್ರಯಾಣ, ಅದೂ ನೇರ ವಿಮಾನ ಇಲ್ಲದ್ದರಿಂದ ಮೂರನೇ ದೇಶವನ್ನು ಸುತ್ತಿಕೊಂಡು. ಒಪ್ಪಿಗೆ ಈ ವಾರವೇ ಬರಬೇಕು. ಆ ಸಮಿತಿಯವರು ಆಟಗಾರರ ಫೋಟೋ, ವಿಡಿಯೋಗಳನ್ನೆಲ್ಲ ನೋಡುತ್ತಾರೆ. ಬಾವುಟದ ಮುಂದೆ ನಿಂತ ಒಂದು ಫೋಟೋ ಅವರ ಕಣ್ಣಿಗೆ ಬಿದ್ದರೆ ಏನು ಅರ್ಥ ಮಾಡಿಕೊಳ್ಳುತ್ತಾರೋ ಯಾರಿಗೂ ಗೊತ್ತಿಲ್ಲ. ನಿರ್ಬಂಧ ಬಂದ ಹೊಸತರಲ್ಲಿ ಅವಳು ಎರಡು ವರ್ಷ ಆಟವಿಲ್ಲದೆ ಮನೆಯಲ್ಲಿ ಕೂತವಳು. ಈ ಪಂದ್ಯವೂ ತಪ್ಪಿದರೆ ಕುಸ್ತಿ ಬಿಟ್ಟೇಬಿಡುವುದು ಎಂದು ತಂಗಿಯ ಹತ್ತಿರ ಹೇಳಿಕೊಂಡಿದ್ದಳು.

ಅವ್ವ ಒಲೆಯ ಮುಂದಿನಿಂದಲೇ ಎಂದಳು. "ತಿಳೀತ ಬಿಡು. ಬೀಗರ ಬೀಗರ ಜಗಳಾಡಿ, ನಡುವ ಸೊಸೀಗೆ ತವರಮನಿ ಬಂದ್ ಮಾಡಿದಂಗ."

ಇಷ್ಟು ಚಿಕ್ಕದಾಗಿ ಇದನ್ನು ಯಾವ ಪತ್ರಿಕೆಯೂ ಬರೆದಿರಲಿಲ್ಲ. ಅಪ್ಪನಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಬಾವುಟಿಲ್ಲ, ಹೆಸರಿಲ್ಲ, ಹಾಡಿಲ್ಲ. ಊಟ ಹಾಕಾಕರ ಪರವಾನಗಿ ಐತೇನ, ಕೇಳ್ರಿ ಆ ಸಮಿತಿಯವರ್ನ."

೨. ಪ್ಲಾಸ್ಟಿಕ್ ಚೀಲದ ಯುಕ್ತಿ

ಅವಳನ್ನು ಕರೆತರಲು ನಾನು ರಾಣೆಬೆನ್ನೂರು ಸ್ಟೇಶನ್ನಿಗೆ ಹೋದೆ. ಗುರುತು ಹಿಡಿಯುವ ಚಿಂತೆ ಇತ್ತು. ಬೇಕಾಗಿರಲಿಲ್ಲ. ಪ್ಲಾಟ್‌ಫಾರಂನಲ್ಲಿ ಚಹಾ ಮಾರುವವನು ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮಡಚಿಹೋದ ಅವಳ ಕಿವಿಗಳನ್ನು ನೋಡಿ, "ಪೈಲ್ವಾನ್ರು ಬಂದ್ರು, ದಾರಿ ಬಿಡ್ರಿ" ಎಂದು ಕೂಗಿಬಿಟ್ಟಿದ್ದ. ನಮ್ಮ ಕಡೆ ಪಾಸ್‌ಪೋರ್ಟ್ ನೋಡುವ ಮೊದಲು ಕಿವಿ ನೋಡುತ್ತಾರೆ.

ಬ್ಯಾಡಗಿಗೆ ಹೋಗುವ ಮೊದಲು ಅವ್ವನಿಗೊಂದು ಸೀರೆ ಕೊಳ್ಳಬೇಕು ಎಂದಳು. ಪೇಟೆಯ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದೆ. ಸೀರೆ ಆರಿಸಿ ಕಾರ್ಡು ಕೊಟ್ಟಳು. ಯಂತ್ರ ಒಪ್ಪಲಿಲ್ಲ.

"ಇಲ್ಲಿಯೂ ನಡೆಯುವುದಿಲ್ಲ. ಸುಮ್ಮನೆ ನೋಡಿದೆ" ಎಂದಳು ನನ್ನತ್ತ ತಿರುಗಿ. ನಾವಿಬ್ಬರೂ ಆಡುತ್ತಿದ್ದದ್ದು ಇಂಗ್ಲಿಷು. ಅವಳದು ನನ್ನದಕ್ಕಿಂತ ಸ್ವಲ್ಪ ಕೆಟ್ಟದ್ದು, ಹಾಗಾಗಿ ಚೆನ್ನಾಗಿ ತಿಳಿಯುತ್ತಿತ್ತು.

ಅಂಗಡಿಯ ಸಾಹುಕಾರರು ಸೋಲುವವರಲ್ಲ. ಕಾರ್ಡನ್ನು ಧೋತರಕ್ಕೆ ಒರೆಸಿದರು. ಬಾಯಿಂದ ಊದಿದರು. ಕೊನೆಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಯಂತ್ರದಲ್ಲಿ ಉಜ್ಜಿದರು. "ಈ ಯುಕ್ತಿ ಇಡೀ ರಾಣೆಬೆನ್ನೂರಾಗ ಒಮ್ಮೆನೂ ಸೋತಿಲ್ಲ" ಎಂದರು. ಸೋತಿತು.

"ಕಾರ್ಡ್ ಕೆಟ್ಟಿಲ್ರಿ" ಎಂದೆ. "ಅವರ ದೇಶದ ಕಾರ್ಡ್ ಹೊರಗಿನ ದೇಶದಾಗ ನಡಿಯಂಗಿಲ್ಲ. ಬಂದ್ ಮಾಡ್ಯಾರ."

ಸಾಹುಕಾರರು ಕನ್ನಡಕ ತೆಗೆದು ಅವಳನ್ನು ನೋಡಿದರು. ದನಿ ತಗ್ಗಿತು.

"ಬಹಿಷ್ಕಾರೇನ್ರಿ? ಪಾಪ. ನಮ್ಮ ಅಜ್ಜನ ಕಾಲಕ್ಕ ಹಳ್ಳ್ಯಾಗ ಹಿಂಗ ಮಾಡ್ತಿದ್ರು. ಅಂಗಡ್ಯಾಗ ಸಾಮಾನು ಕೊಡಂಗಿಲ್ಲ, ಯಾರೂ ಮಾತಾಡ್ಸಂಗಿಲ್ಲ. ಬಿಡಿಸೂದು ಬಾಳ ಹಗುರ. ಹಿರ್ಯಾರ ಮುಂದ ಒಂದ ಕಾಯಿ ಒಡದು, ಬಹಿಷ್ಕಾರ ಹಾಕಿದವ್ರಿಗೆಲ್ಲ ಊಟಕ್ಕ ಹೇಳಿದ್ರ ಮುಗೀತು."

"ಹಾಕಿದವರು ಬಾಳ ದೇಶದವರು ಅದಾರ್ರಿ."

"ಅದಕ್ಕೇನ್ರಿ, ಎಲ್ಲಾರ್ನೂ ಕರೀರಿ. ಪಂಕ್ತಿ ಮ್ಯಾಲ ಪಂಕ್ತಿ ಕುಂದ್ರಸೂಣು."

ಅವಳಿಗೆ ಹೇಳಿದೆ. ಅವಳು ನಗಲಿಲ್ಲ. ಸ್ವಲ್ಪ ಯೋಚಿಸಿ, "ಇದನ್ನು ಯಾರಾದರೂ ಮಾಡಿ ನೋಡಿದ್ದಾರೆಯೇ?" ಎಂದಳು. ಕೈಯಲ್ಲಿದ್ದ ನೋಟು ಕೊಟ್ಟು ಸೀರೆ ತೆಗೆದುಕೊಂಡಳು.

ಅಷ್ಟರಲ್ಲಿ ಸಾಹುಕಾರರು ಮೊಬೈಲು ಎತ್ತಿದ್ದರು. ವಿದೇಶಿ ಗಿರಾಕಿಯ ಫೋಟೋ ಅಂಗಡಿಯ ಸ್ಟೇಟಸ್‌ಗೆ ಬೇಕಂತೆ. ಅವಳು ಸಹಜವಾಗಿ ನಿಂತಳು. ನಾನು ಅವಳ ಹಿಂದಿನ ಕಪಾಟು ನೋಡಿದೆ. ಮೇಲಿನ ಸಾಲಿನಲ್ಲಿ ಬಿಳಿ ಸೀರೆಗಳು, ನಡುವೆ ನೀಲಿ, ಕೆಳಗೆ ಕೆಂಪು. ರಷ್ಯಾದ ಬಾವುಟವನ್ನು ಯಾರೋ ಮಡಚಿ ಅಟ್ಟಣಿಗೆಯ ಮೇಲೆ ಇಟ್ಟ ಹಾಗಿತ್ತು.

"ನಿಲ್ರಿ!" ಎಂದು ಹಾರಿಹೋಗಿ ನೀಲಿ ಸಾಲಿನ ಮುಂದೆ ಎರಡೂ ಕೈ ಚಾಚಿ ನಿಂತೆ.

ಆ ಫೋಟೋ ಈಗಲೂ ಅಂಗಡಿಯ ಗೋಡೆಯ ಮೇಲೆ ಇದೆ. ನೋಡಿದವರೆಲ್ಲ ಸಾಹುಕಾರರನ್ನು ಕೇಳುವುದು ಒಂದೇ. "ಪೈಲ್ವಾನ್ರು ಗೊತ್ತಾತು. ಹಿಂದ ಕಳ್ಳನಂಗ ಸಿಕ್ಕೊಂಡು ನಿಂತಾವ ಯಾರ?"

೩. ತಿರುಗಿಸಿ ಕಟ್ಟಿದ್ದು

ಬಸ್ಸು ಬ್ಯಾಡಗಿ ತಲುಪುವಷ್ಟರಲ್ಲಿ ತಂಗಿಯ ಫೋನು ಬಂತು.

"ಅಣ್ಣಾ, ಆಕೀನ ಅಲ್ಲೇ ಹಿಡ್ಕೋ. ಮನೀಗೆ ಕರ್ಕೊಂಡ್ ಬರಬ್ಯಾಡ. ಓಣಿ ತುಂಬ ಬಾವುಟ ಕಟ್ಯಾರ."

"ಯಾರು?"

"ಇನ್ಯಾರು? ಅಪ್ಪ!"

ಆದದ್ದು ಇಷ್ಟು. ಬಾವುಟ ಬೇಡ ಎಂದದ್ದನ್ನು ಅಪ್ಪ ಸಂಕೋಚ ಎಂದು ತಿಳಿದಿದ್ದರು. ನಮ್ಮಲ್ಲಿ 'ಬ್ಯಾಡ' ಎಂದರೆ ಇನ್ನೊಂದು ಸಲ ಬಡಿಸಬೇಕು ಎಂದೇ ಅರ್ಥ. ಹೋಳಿಗೆಗೆ ಇರುವ ನಿಯಮವನ್ನೇ ಬಾವುಟಕ್ಕೂ ಹಚ್ಚಿದ್ದರು. ಅಂಗಡಿಯ ಹಮಾಲರನ್ನು ಕರೆದು, ಬಣ್ಣದ ಕಾಗದ ತರಿಸಿ, ಓಣಿಯ ಈ ತುದಿಯಿಂದ ಆ ತುದಿಗೆ ಬಾವುಟದ ಪರಪರಿ ಕಟ್ಟಿಸಿದ್ದರು. ಬಿಳಿ, ನೀಲಿ, ಕೆಂಪು. ಕೆಳಗೆ ಓಣಿಯ ಹುಡುಗರೆಲ್ಲ ಮೊಬೈಲು ಹಿಡಿದು ಸಾಲಾಗಿ ನಿಂತಿದ್ದರು.

ನಾನು ಅವಳನ್ನು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕರೆದೊಯ್ದು ಚಹಾ ಕುಡಿಸಿದೆ. ಮಿರ್ಚಿ ತಿನ್ನಿಸಿದೆ. ಮತ್ತೆ ಚಹಾ. ಮತ್ತೆ ಮಿರ್ಚಿ. ಅವಳ ಕಣ್ಣಲ್ಲಿ ನೀರು ಬಂತು. "ನಿಮ್ಮ ಮನೆಗೆ ಹೋಗುವುದು ಯಾವಾಗ?" ಎಂದಳು.

"ಮನೆ ಸಿದ್ಧವಾಗುತ್ತಿದೆ" ಎಂದೆ. ಸುಳ್ಳಲ್ಲ.

ಅವಳು ಪ್ರತಿ ಗುಟುಕಿಗೂ ಮೊಬೈಲು ನೋಡುತ್ತಿದ್ದಳು. ಒಪ್ಪಿಗೆ ಬಂದಿರಲಿಲ್ಲ. ನಾನು ನನ್ನ ಮೊಬೈಲು ನೋಡುತ್ತಿದ್ದೆ. ಬಾವುಟ ಇಳಿದಿರಲಿಲ್ಲ.

ಕೊನೆಗೆ ಅಪ್ಪನದೇ ಫೋನು. "ಬರ್ರಿ ತಮ್ಮಾ. ಎಲ್ಲಾ ಸರಿ ಮಾಡೇನಿ."

"ಬಿಚ್ಚಿದ್ರೇನು?"

"ಬಿಚ್ಚಾಕ ಟೈಮ್ ಎಲ್ಲೈತಿ? ತಲಿಕೆಳಗ ತಿರುಗಿಸಿ ಕಟ್ಟೇವಿ. ಈಗ ಅದು ಆಕೀ ದೇಶದ್ದಲ್ಲ."

ಓಣಿಯ ಬಾಯಿಗೆ ಬಂದೆವು. ತಲೆಯ ಮೇಲೆ ಕೆಂಪು, ನೀಲಿ, ಬಿಳಿ ಪಟಪಟ ಎನ್ನುತ್ತಿತ್ತು. ಹುಡುಗರು ಮೊಬೈಲು ಎತ್ತಿದರು. ಅವಳು ಅಲ್ಲೇ ನಿಂತುಬಿಟ್ಟಳು. ಮುಖದ ಬಣ್ಣ ಇಳಿಯಿತು.

"ಸರ್ಬಿಯಾದಿಂದ ಯಾರು ಬಂದಿದ್ದಾರೆ?" ಎಂದಳು.

ನಾನು ಮೊಬೈಲಿನಲ್ಲಿ ಹುಡುಕಿದೆ. ಖರೇ. ಕೆಂಪು, ನೀಲಿ, ಬಿಳಿ ಎಂದರೆ ಸರ್ಬಿಯಾ. ಅಪ್ಪ ಒಂದು ದೇಶವನ್ನು ಬೋರಲು ಹಾಕಿ ಇನ್ನೊಂದನ್ನು ಎಬ್ಬಿಸಿದ್ದರು.

"ಯಾರೂ ಇಲ್ಲ. ಕಾಗದ ತಿರುಗಿದೆ. ಯಾಕೆ?"

"ಆ ದೇಶದ ಒಬ್ಬಳು ನನ್ನನ್ನು ಮೂರು ಸಲ ಚಿತ್ ಮಾಡಿದ್ದಾಳೆ. ಇಲ್ಲಿಗೂ ಬಂದಳೇನೋ ಅಂದುಕೊಂಡೆ."

೪. ಅರಿಸಿನ ನೀರು

ಸುದ್ದಿ ಹಾವೇರಿಗೆ ಹೋಯಿತು. ಅಲ್ಲಿನ ಕುಸ್ತಿ ಸಂಘದ ಅಧ್ಯಕ್ಷರಿಗೆ ಎಣ್ಣೆ ಅಂಗಡಿ ಇದೆ. ಎಣ್ಣೆಗಿಂತ ಕುಸ್ತಿಯ ಮೇಲೆ ಪ್ರೀತಿ. ತಂಗಿ ಮೊದಲ ಸಲ ಹೊರದೇಶಕ್ಕೆ ಹೊರಟಾಗ ಕಚೇರಿಯಿಂದ ಕಚೇರಿಗೆ ಓಡಾಡಿದವರು ಅವರೇ. ಮರುದಿನ ಅವರ ವಾರ್ಷಿಕ ಕುಸ್ತಿ. ಅತಿಥಿಗೆ ಸನ್ಮಾನ, ಆಮೇಲೆ ತಂಗಿಯ ಜೊತೆ ಒಂದು ಪ್ರದರ್ಶನ ಕುಸ್ತಿ ಎಂದರು. ಇಲ್ಲ ಎನ್ನಲು ನಮಗೆ ಬಾಯಿ ಬರಲಿಲ್ಲ. ಅತಿಥಿ ಒಪ್ಪಿದಳು. "ಬಾವುಟ ಮಾತ್ರ ಬ್ಯಾಡ್ರಿ" ಎಂದು ತಂಗಿ ಕಲಿಸಿದ ಕನ್ನಡದಲ್ಲೇ ಫೋನಿನಲ್ಲಿ ಹೇಳಿದಳು. ಅಧ್ಯಕ್ಷರು ಕರಗಿಹೋದರು. ಕರಗಿದ್ದು ಕನ್ನಡಕ್ಕೆ. ಅರ್ಥ ಕಿವಿಗೆ ಬಿದ್ದಿರಲಿಲ್ಲ.

ಕುಸ್ತಿಯ ದಿನ ಬೆಳಗ್ಗೆ ನಾನು ಮುಂಚಿತವಾಗಿ ಹಾವೇರಿಗೆ ಹೋಗಿ ಎಲ್ಲ ಪರೀಕ್ಷಿಸಿದೆ. ಫ್ಲೆಕ್ಸಿನಲ್ಲಿ ಬಾವುಟ ಇರಲಿಲ್ಲ. ಬ್ಯಾಂಡಿನವರಿಗೆ ರಾಷ್ಟ್ರಗೀತೆ ಬರುತ್ತಿರಲಿಲ್ಲ. ಶಾಲು ಹಸಿರು. ಇನ್ನೇನು ಉಸಿರು ಬಿಡಬೇಕು, ಅಧ್ಯಕ್ಷರು ಪೆಟ್ಟಿಗೆ ತೆರೆದು ಏಲಕ್ಕಿ ಹಾರ ತೋರಿಸಿದರು.

ನಮ್ಮ ಹಾವೇರಿಯ ಏಲಕ್ಕಿ ಹಾರ ಎಂದರೆ ಗೊತ್ತಲ್ಲ, ದೊಡ್ಡವರ ಕೊರಳಿಗೆಲ್ಲ ಬೀಳುವಂಥದ್ದು. ಇದು ಅದರಲ್ಲೂ ದೊಡ್ಡದು. ತುದಿಯಲ್ಲಿ ರೇಷ್ಮೆಯ ಮೂರು ಗೊಂಡೆ, ಒಂದರ ಕೆಳಗೊಂದು. ಬಿಳಿ. ನೀಲಿ. ಕೆಂಪು.

"ಹೇಳಿ ಮಾಡ್ಸೇನಿ" ಎಂದರು ಹೆಮ್ಮೆಯಿಂದ.

"ಇದನ್ನ ಹಾಕಿದ್ರ ಆಕೀ ಆಟ ಮುಗಿದಂಗ್ರಿ!"

"ಏನ್ ಮಾತು ತಮ್ಮಾ ಇದು? ದೇಶದ ಗುರುತಿಲ್ದ ಹೆಂಗ ಸನ್ಮಾನ ಮಾಡ್ಲಿ? ಯಾರ್ನೋ ರಸ್ತೆ ಮ್ಯಾಲಿಂದ ಕರ್ಕೊಂಡ್ ಬಂದು ಹಾರ ಹಾಕಿದಂಗ ಆಗತೈತಿ."

ಗೊಂಡೆ ಕತ್ತರಿಸೋಣ ಎಂದೆ. ಸನ್ಮಾನದ ಹಾರಕ್ಕೆ ಕತ್ತರಿ ತಾಗಿಸುವುದು ಅಪಶಕುನ ಎಂದರು. ಹಾರವೇ ಬೇಡ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಆ ಕೋಣೆಯ ಮೂಲೆಯಲ್ಲಿ ಒಬ್ಬ ಮುದುಕರು ಕೂತಿದ್ದರು. ತುಂಗಭದ್ರೆಯ ದಂಡೆಯ ಒಂದು ಊರಿನ ಹಳೆಯ ಉಸ್ತಾದರು. ಊರ ಹೆಸರು ಬರೆಯುವುದಿಲ್ಲ, ಜಗಳ ಇನ್ನೂ ಬಿಸಿಯಿದೆ. ಹಿಂದೊಮ್ಮೆ ಆ ಊರಿನವರು ತೀರ್ಪು ಒಪ್ಪದೆ, ತೀರ್ಪುಗಾರರನ್ನು ಹೆಗಲ ಮೇಲೆ ಹೊತ್ತು, ಮರ್ಯಾದೆಯಿಂದಲೇ ಮೈದಾನದ ಹೊರಗೆ ಇಳಿಸಿ ಬಂದಿದ್ದರು. ಅಂದಿನಿಂದ ಹಾವೇರಿಯ ಮೈದಾನದಲ್ಲಿ ಆ ಊರಿನ ಹೆಸರು ಕೂಗುವಂತಿಲ್ಲ, ಆ ಊರಿನ ಪೈಲ್ವಾನರು ಇಳಿಯುವಂತಿಲ್ಲ. ನಿಷೇಧ ತೆಗೆಯಿರಿ ಎಂದು ಉಸ್ತಾದರು ಕೊಟ್ಟ ಅರ್ಜಿಗೆ ಅಧ್ಯಕ್ಷರ ಉತ್ತರ 'ನೋಡೂಣು' ಎಂದು. ಎರಡು ವರ್ಷದಿಂದ ನೋಡುತ್ತಲೇ ಇದ್ದರು.

ಉಸ್ತಾದರು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು. "ಆ ಹುಡುಗೀದೂ ಊರ ಹೆಸರ ಬಂದ್ ಮಾಡ್ಯಾರಾ?"

"ದೇಶದ ಹೆಸರ ಬಂದ್ ಮಾಡ್ಯಾರ್ರಿ."

"ಅಷ್ಟ ದೊಡ್ಡದೇನು?" ಎಂದವರು ತಲೆಯಾಡಿಸಿದರು. "ಎಷ್ಟ ಮಂದೀನ ಹೊತ್ತೊಯ್ದಿರಬೇಕು!"

ನನಗೆ ತಲೆ ಓಡತೊಡಗಿತ್ತು. ಕತ್ತರಿಸಬಾರದು ಸರಿ. ಬಣ್ಣ ಬದಲಿಸಬಹುದಲ್ಲ? ಅರಿಸಿನ ತರಿಸಿ, ಬಿಸಿ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಗೊಂಡೆಗಳನ್ನಷ್ಟೇ ಅದರಲ್ಲಿ ಅದ್ದಿದೆ. ಬಿಳಿ ಹಳದಿಯಾಯಿತು. ನೀಲಿಗೆ ಹಳದಿ ಕೂಡಿ ಹಸಿರಾಯಿತು. ಕೆಂಪು ಕೆಂಪಾಗಿಯೇ ಉಳಿಯಿತು. ಬಿ.ಎಸ್ಸಿ. ಓದಿದ್ದು ಸಾರ್ಥಕ ಎನಿಸಿತು. ಅಷ್ಟೊತ್ತಿಗೆ ತಂಗಿಯ ಜೊತೆ ಅತಿಥಿಯೂ ಬಂದಳು.

ಹಾರ ನೋಡಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಹಳದಿ, ಹಸಿರು, ಕೆಂಪು. ಇದು ಲಿಥುವೇನಿಯಾದ ಬಾವುಟ. ನಮಗೆ ಎಲ್ಲರಿಗಿಂತ ಬಿಗಿಯಾಗಿ ಬಾಗಿಲು ಹಾಕಿಕೊಂಡವರು ಅವರು. ಇದನ್ನು ಹಾಕಿಕೊಂಡರೆ ನಾನು ಮನೆಗೂ ಹೋಗುವ ಹಾಗಿಲ್ಲ."

ಅಧ್ಯಕ್ಷರಿಗೆ ತಿಳಿಸಿದೆ. ಅವರ ಮುಖ ಬೆಳಗಿತು.

"ಒಟ್ಟಿನ ಮ್ಯಾಲ ಒಂದ ದೇಶ ಸಿಕ್ತಲ್ಲ ತಮ್ಮಾ! ಹಾಕಿಬಿಡೂಣು."

ಹಾಕಲಿಲ್ಲ. ಕೊನೆಗೆ ಗೊಂಡೆಗಳನ್ನು ಹಾರದ ಒಳಗೇ ಮಡಚಿ ಸೇಫ್ಟಿ ಪಿನ್ನು ಚುಚ್ಚಿದ್ದು ತಂಗಿ. ಅದಕ್ಕೆ ಬಿ.ಎಸ್ಸಿ. ಬೇಕಾಗಲಿಲ್ಲ.

೫. ಯಾ ಊರು?

ಮಧ್ಯಾಹ್ನದ ಬಿಸಿಲು ಇಳಿಯುವಷ್ಟರಲ್ಲಿ ಮೈದಾನ ತುಂಬಿತ್ತು. ಕಟ್ಟೆಯ ಮೇಲೆ, ಗೋಡೆಯ ಮೇಲೆ, ಟ್ರ್ಯಾಕ್ಟರಿನ ಮೇಲೆ ಜನ. ಎಲ್ಲರ ಕೈಯಲ್ಲೂ ಮೊಬೈಲು. ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಅವಳು ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಬಂದರೆ ಕೂಗು" ಎಂದು ಅಖಾಡದ ಅಂಚಿಗೆ ಹೋಗಿ ನಿಂತಳು.

ಒಂದನ್ನು ನಾನು ಪರೀಕ್ಷಿಸಲು ಮರೆತಿದ್ದೆ. ನಮ್ಮ ಕಡೆಯ ಕುಸ್ತಿಯಲ್ಲಿ ಮೊದಲು ಊರ ಹೆಸರು, ಆಮೇಲೆ ಪೈಲ್ವಾನರ ಹೆಸರು. ಊರು ಕೂಗಿದ ಮೇಲೆಯೇ ಹಲಗಿ ಬಾರಿಸುತ್ತಾರೆ. ಹಲಗಿ ಬಾರಿಸಿದ ಮೇಲೆಯೇ ಕೈ ಕೂಡಿಸುತ್ತಾರೆ. ಊರಿಲ್ಲದ ಪೈಲ್ವಾನರು ಮಣ್ಣಿಗೆ ಇಳಿಯುವ ಪದ್ಧತಿಯೇ ಇಲ್ಲ.

ಅಧ್ಯಕ್ಷರು ಮೈಕು ಹಿಡಿದರು. "ಬ್ಯಾಡಗೀ...!" ಎಂದು ತಂಗಿಯನ್ನು ಕೂಗಿದರು. ಹಲಗಿ ಗುಡುಗಿತು. ಆಮೇಲೆ ಅತಿಥಿಯತ್ತ ತಿರುಗಿದರು. ಎದೆ ಉಬ್ಬಿತು. ಬೆಳಗ್ಗೆಯಿಂದ ನಾನು ಹೇಳಿದ್ದೆಲ್ಲ ಆ ಎದೆಯಿಂದ ಹಾರಿಹೋದದ್ದು ನನಗೆ ದೂರದಿಂದಲೇ ಕಂಡಿತು.

"ಈಗ ಬರಾಕತ್ತಾರ, ದೂರದ ದೇಶ ರ..."

ನನ್ನ ಕಾಲ ಬಳಿ ಹಾದುಹೋಗಿದ್ದ ಮೈಕಿನ ವೈರು ಕಿತ್ತೆ.

ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಕೈ ಮುಗಿದು ತಲೆ ಅಲ್ಲಾಡಿಸಿದೆ. ಅವರಿಗೆ ನೆನಪಾಯಿತು. ಮೈಕಿಲ್ಲದೆಯೇ ಮುಂದುವರಿಸಿದರು. "ರ... ರಾಣೆಬೆನ್ನೂರು ತಾಲೂಕಾ!"

"ಯಾ ಊರು?" ಎಂದಿತು ಗೋಡೆಯ ಮೇಲಿನ ಗುಂಪು.

ಅಧ್ಯಕ್ಷರು ಸತ್ತ ಮೈಕನ್ನು ಬೆರಳಿನಿಂದ ತಟ್ಟಿದರು.

"ಊರ ಹೇಳ್ರಿ ಅಧ್ಯಕ್ಷ್ರ! ಊರು!"

"ಊರಿಲ್ಲಂದ್ರ ಕುಸ್ತಿ ಇಲ್ಲ!"

ಹಲಗಿಯವರು ಕೋಲು ಎತ್ತಿ ಹಿಡಿದು ಕಾದಿದ್ದರು. ಅತಿಥಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದಿತ್ತು. ಹೆಸರು ಕೂಗದೆ ನಿಲ್ಲಿಸುವುದನ್ನು ಅವಳು ಬೇರೆ ಮೈದಾನಗಳಲ್ಲೂ ಕಂಡವಳು. ತಲೆ ತಗ್ಗಿಸಿ ಕಾಲಿನ ಮಣ್ಣು ಒರೆಸಿಕೊಂಡು ಹಿಂದೆ ತಿರುಗಿದಳು. ತಂಗಿ ಓಡಿಹೋಗಿ ಅವಳ ಕೈ ಹಿಡಿದಳು.

ಆಗ ಜನರ ನಡುವಿನಿಂದ ಹಳೆಯ ಉಸ್ತಾದರು ಎದ್ದು ನಿಂತರು.

"ಅದ ತಾಲೂಕಿನ, ನಮ್ಮ ಬಾಜೂ ಊರು ಮೇಡ್ಲೇರಿ ಅನ್ರಿ!" ಎಂದು ಗುಡುಗಿದರು. "ಊರ ಹೆಸರ ಬಂದ್ ಆದವ್ರೆಲ್ಲ ಅದ ಹೆಸರ್ಲೆ ಆಡ್ತಾರ. ನಮ್ಮ ಹುಡುಗ್ರೂ ಎರಡು ವರ್ಷದಿಂದ ಹಂಗ ಆಡಾಕತ್ತಾವ!"

ಗೋಡೆಯ ಮೇಲಿನವರು ಕತ್ತು ಚಾಚಿದರು. ಏನು ಹೇಳಿದೆ ಎಂಬುದು ಉಸ್ತಾದರಿಗೂ ಆಗಲೇ ಹೊಳೆದದ್ದು.

ಅಧ್ಯಕ್ಷರು ನಿಧಾನವಾಗಿ ಅವರತ್ತ ತಿರುಗಿದರು. "ಅಂದ್ರ... ಹೋದ ವರ್ಷ ನನ್ನ ಕೈಯಿಂದ ಬೆಳ್ಳಿ ಗದೆ ತಗೊಂಡು ಹೋದ ಆ ಮೇಡ್ಲೇರಿ ಪೈಲ್ವಾನ..."

ಉಸ್ತಾದರು ಆಕಾಶ ನೋಡಿದರು. "ಅದನ್ನ ಆಮ್ಯಾಲ ಮಾತಾಡೂಣ್ರಿ. ಮೊದ್ಲ ಹುಡುಗೀನ ಆಡಿಸ್ರಿ."

ಟ್ರ್ಯಾಕ್ಟರಿನ ಮೇಲಿದ್ದ ಮೇಡ್ಲೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬರು ತಲೆಯ ಪಟಗ ಸರಿಮಾಡಿಕೊಂಡು ಎದ್ದರು. "ಹೂಂ ಅನ್ರಿ ಅಧ್ಯಕ್ಷ್ರ. ಇಷ್ಟ ಮಂದೀನ ಹೊಟ್ಟ್ಯಾಗ ಹಾಕ್ಕೊಂಡೇವಿ, ಇದೊಂದ ಹುಡುಗಿ ಭಾರ ಆಕ್ಕಾಳೇನು? ನಮ್ಮೂರಾಕಿ!"

"ಮೇಡ್ಲೇರೀ...!" ಎಂದು ಅಧ್ಯಕ್ಷರು ಕೂಗಿದರು. ಹಲಗಿಗೆ ಕೋಲು ಬಿತ್ತು.

ಕುಸ್ತಿ ಶುರುವಾಯಿತು. ತಂಗಿಯ ಉಡುಪು ನೀಲಿ. ಅತಿಥಿಯದು ಬಿಳಿ. ಕೆಳಗಿನ ಮಣ್ಣು ಕೆಂಪು. ಅದನ್ನು ನಾನು ಆಗ ಗಮನಿಸಿದೆ. ಕಣ್ಣು ಮುಚ್ಚಿದೆ. ತೆರೆದಾಗ ಇಬ್ಬರೂ ಉರುಳಾಡಿ ಒಂದೇ ಬಣ್ಣವಾಗಿದ್ದರು. ಮಣ್ಣಿಗೆ ನನಗಿಂತ ಚೆನ್ನಾಗಿ ಕೆಲಸ ಗೊತ್ತಿತ್ತು.

ಅತಿಥಿ ಗೆದ್ದಳು. ಮೇಡ್ಲೇರಿಯವರು ಅವಳನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು. ಹೆಗಲ ಮೇಲೆ ಯಾರನ್ನಾದರೂ ಎತ್ತಿದ್ದು ಕಂಡರೆ ಹಾವೇರಿಯ ತೀರ್ಪುಗಾರರು ಈಗಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮಗಳು ಸೋತದ್ದನ್ನು ಮರೆತು, "ಮೇಡ್ಲೇರಿ! ಮೇಡ್ಲೇರಿ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ನಮ್ಮಪ್ಪ.

ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂತು. ಯಾರೋ ಅದನ್ನು ಇಂಗ್ಲಿಷಿನ ಒಂದು ಸಾಲಿನ ಜೊತೆ ಅತಿಥಿಯ ಜಾಲತಾಣದ ಖಾತೆಗೂ ಅಂಟಿಸಿದರು: ಮೇಡ್ಲೇರಿಯ ಪರವಾಗಿ ಆಡಿ ಭರ್ಜರಿ ಜಯ.

ಅವಳು ಗೋವಾಕ್ಕೆ ಹೊರಡುವ ದಿನ ಬೆಳಗ್ಗೆ ಸಮಿತಿಯ ಮೇಲ್ ಬಂತು. ಒಪ್ಪಿಗೆ ಅಲ್ಲ, ಪ್ರಶ್ನೆ. ಅವಳು ಓದಿ ಮೊಬೈಲನ್ನು ನನ್ನ ಮುಂದೆ ಹಿಡಿದಳು.

'ನೀವು ಪ್ರತಿನಿಧಿಸಿರುವ ಮೇಡ್ಲೇರಿ ಎಂಬುದು ಯಾವ ದೇಶ? ದೇಶ ಬದಲಿಸಿದ್ದನ್ನು ನಮಗೇಕೆ ತಿಳಿಸಿಲ್ಲ? ಅದರ ಬಾವುಟ ಯಾವುದು?'

ಅಪ್ಪ, ಅವ್ವ, ತಂಗಿ, ಎಲ್ಲರೂ ಸುತ್ತ ಕೂತರು. ನಾನು ಉತ್ತರ ಬರೆದೆ. ನನಗೆ ಉದ್ದ ಬರೆಯಲು ಬರುವುದಿಲ್ಲ.

'ಮೇಡ್ಲೇರಿ ದೇಶವಲ್ಲ. ತುಂಗಭದ್ರಾ ನದಿಯ ದಂಡೆಯ ಒಂದು ಹಳ್ಳಿ. ಜನ ಬೇಸಾಯ ಮಾಡುತ್ತಾರೆ. ಅದಕ್ಕೆ ಬಾವುಟವಿಲ್ಲ. ಇಲ್ಲಿನ ಕುಸ್ತಿಯಲ್ಲಿ ಊರಿಲ್ಲದೆ ಆಡುವಂತಿಲ್ಲವಾದ್ದರಿಂದ ಆ ಹಳ್ಳಿಯವರು ಅತಿಥಿಗೆ ತಮ್ಮ ಹೆಸರು ಕೊಟ್ಟರು. ಅವರು ಯಾರ ಮೇಲೂ ಯುದ್ಧ ಮಾಡಿಲ್ಲ.'

ಓದಿ ಹೇಳಿದೆ. ಅಪ್ಪ ಬೆರಳೆತ್ತಿದರು. "ಕಡೀ ಸಾಲ ತೆಗಿ. ಕಾಲುವಿ ನೀರಿನ ಸಲುವಾಗಿ ಆಗಾಗ ಆಗತಿರತೈತಿ. ಸುಳ್ಳ ಬರೀಬಾರದು."

ತೆಗೆದೆ. ಕಳಿಸಿದೆ.

ಬಸ್ಸಿನ ಹೊತ್ತು ಹತ್ತಿರ ಬಂತು. ಅವಳು ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಅವ್ವ ಕೊಟ್ಟ ರೊಟ್ಟಿ ತಟ್ಟೆಯಲ್ಲಿ ಹಾಗೆಯೇ ಇತ್ತು. "ಬ್ಯಾಡ್ರಿ" ಎಂದಳು. ನಮ್ಮ ಮನೆಯ ಚರಿತ್ರೆಯಲ್ಲಿ ಮೊದಲ ಸಲ ಅವ್ವ ಒತ್ತಾಯ ಮಾಡಲಿಲ್ಲ. ಪಕ್ಕದಲ್ಲಿ ಕೂತಳು.

ಮೊಬೈಲು ಗುಂಯ್ ಎಂದಿತು. ಅವಳು ತೆರೆಯಲಿಲ್ಲ. ನನ್ನ ಕೈಗೆ ಕೊಟ್ಟಳು. ನಾನು ಒಂದು ಸಲ ಓದಿದೆ. ತಪ್ಪಿರಬಾರದೆಂದು ಇನ್ನೊಂದು ಸಲ ಓದಿದೆ. ವಿವರಣೆ ಒಪ್ಪಲಾಗಿದೆ. ಪಂದ್ಯದಲ್ಲಿ ಆಡಬಹುದು.

ತಂಗಿ ಅವಳನ್ನು ನೆಲದಿಂದ ಎತ್ತಿಬಿಟ್ಟಳು. ಅಖಾಡದಲ್ಲಿ ಆಗದಿದ್ದದ್ದು ಕಟ್ಟೆಯ ಮೇಲೆ ಆಯಿತು. ಅವಳು ಅತ್ತಳು, ನಕ್ಕಳು, ಆಮೇಲೆ ತಟ್ಟೆ ಎಳೆದುಕೊಂಡು ರೊಟ್ಟಿಯನ್ನೆಲ್ಲ ತಿಂದಳು. ಅವ್ವ ಇನ್ನೊಂದು ಹಾಕಿದಳು. ಬಸ್ಸು ತಪ್ಪಿತು.

ಸುದ್ದಿ ತಿಳಿಸಲು ಹಳೆಯ ಉಸ್ತಾದರಿಗೆ ಫೋನು ಮಾಡಿದೆ. ಅವರ ಪುಣ್ಯದಿಂದಲೇ ಕುಸ್ತಿಯಾಗಿತ್ತು.

"ನಿಷೇಧ ಬಿಟ್ಟಾರ್ರಿ. ಆಡಬಹುದಂತ."

"ಬಾಳ ಚಲೋ ಆತು ತಮ್ಮಾ. ನೀ ಬರದ ಎಷ್ಟ ಹೊತ್ತಿಗೆ ಉತ್ತರ ಬಂತು?"

"ಮುಂಜಾನೆ ಬರದಿದ್ದೆ. ಮಧ್ಯಾಹ್ನ ಬಂತು."

ಆ ಕಡೆ ಉಸ್ತಾದರು ಪೆನ್ನು ಹುಡುಕುವ ಸದ್ದು ಕೇಳಿತು.

"ಆ ಸಮಿತಿಯವ್ರ ವಿಳಾಸ ಒಂದೀಟ ಕೊಡು" ಎಂದರು.

"ಯಾಕ್ರಿ?"

"ನಮ್ಮೂರ ಅರ್ಜೀನೂ ಅವರಿಗೇ ಕಳಸ್ತೇನಿ. ಹಾವೇರಿಯವ್ರು ಇನ್ನೂ ನೋಡಾಕತ್ತಾರ."